ಪ್ಯಾಲೆಟ್ ಹಲಗೆಯಲ್ಲಿ ಟೀಪಾಯಿ ಮಾಡಿ, ಮಗುವಿನ ತೊಟ್ಟಿಲು ಬೇಡ

ಸಿಕ್ಕಿರುವ ನಾಲ್ಕು ಮರದ ಪ್ಯಾಲೆಟ್‌ಗಳಲ್ಲಿ (ಸರಕು ಹೇರಿ ಸಾಗಿಸುವ ಹಲಗೆಯ ಚೌಕಟ್ಟು) ಎರಡಕ್ಕೆ ಮುದ್ರೆ ಇದೆ, ಎರಡಕ್ಕಿಲ್ಲ. ಇವುಗಳಿಂದ ಟೀಪಾಯಿ, ಮಗುವಿಗೆ ತೊಟ್ಟಿಲು ಮಾಡಬಹುದೇ, ಹಲಗೆ ಸೀಳದಂತೆ ಬಿಚ್ಚುವುದು ಹೇಗೆ ಎಂದು ಕೇಳಿದ್ದೀರಿ. ಟೀಪಾಯಿ ಧಾರಾಳವಾಗಿ ಮಾಡಿ. ತೊಟ್ಟಿಲು ಮಾತ್ರ ಬೇಡ.

ಮೊದಲು ಮುದ್ರೆ ಓದಿ. ಗಡಿ ದಾಟುವ ಪ್ಯಾಲೆಟ್‌ಗಳಿಗೆ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ತೆನೆಯ ಚಿತ್ರ, ದೇಶದ ಎರಡಕ್ಷರ, ಒಂದು ಸಂಖ್ಯೆ, ಜೊತೆಗೆ ಮರದ ಹುಳ ಸಾಯಿಸುವ ಸಂಸ್ಕರಣೆಯ ಸಂಕೇತ ಆ ಮುದ್ರೆಯಲ್ಲಿರುತ್ತವೆ. ನೋಡಬೇಕಾದ್ದು ಆ ಸಂಕೇತವನ್ನು. ‘ಎಚ್‌ಟಿ’ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾದಿದೆ. ‘ಡಿಎಚ್’ ಅಂದರೆ ಮೈಕ್ರೋವೇವ್ ಥರದ ವಿಧಾನದಲ್ಲಿ 60 ಡಿಗ್ರಿಗೆ ಒಂದು ನಿಮಿಷ. ಎರಡರಲ್ಲೂ ರಾಸಾಯನಿಕ ಇಲ್ಲ. ‘ಎಂಬಿ’ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ, ‘ಎಸ್‌ಎಫ್’ ಇದ್ದರೆ ಸಲ್ಫ್ಯುರಿಲ್ ಫ್ಲೋರೈಡ್. ಅನಿಲ ಬಹುಪಾಲು ಆರಿಹೋಗಿರುತ್ತದೆ ನಿಜ, ಆದರೆ ಮನೆಯಲ್ಲಿ ಪರೀಕ್ಷಿಸುವ ದಾರಿಯಿಲ್ಲ. ನಾನು ಇವನ್ನು ಮುಟ್ಟುವುದಿಲ್ಲ. ‘ಡಿಬಿ’ ಎಂದರೆ ತೊಗಟೆ ತೆಗೆದದ್ದು ಅಷ್ಟೇ.

ಮುದ್ರೆ ಇಲ್ಲದ್ದು ವಿಷವೆಂದೇನೂ ಅಲ್ಲ. ದೇಶದೊಳಗೇ ಓಡಾಡುವವಕ್ಕೆ ಮುದ್ರೆ ಬೇಕಾಗುವುದಿಲ್ಲ. ಅದರ ಮೇಲೆ ಏನು ಬಂದಿತ್ತೆಂದು ಕೊಟ್ಟವರೇ ಹೇಳಬಲ್ಲರಾದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಡಿ. ನೀಲಿ ಅಥವಾ ಕೆಂಪು ಬಣ್ಣ ಬಳಿದವು ಹೆಚ್ಚಾಗಿ ಬಾಡಿಗೆ ಕಂಪನಿಗಳ ಸ್ವತ್ತು. ಬೀದಿಯಲ್ಲಿ ಬಿದ್ದಿದ್ದರೂ ಒಯ್ಯುವಂತಿಲ್ಲ.

ಹಲವರು ಎಡವುವುದು ಇಲ್ಲಿಂದ ಮುಂದೆ. ಮುದ್ರೆ ಹೇಳುವುದು ಹುಳ ಸಾಯಿಸಿದ ಬಗೆಯನ್ನು ಮಾತ್ರ. ಆಮೇಲೆ ಅದೇ ಹಲಗೆಯ ಮೇಲೆ ಕೀಟನಾಶಕ ಸೋರಿತೋ, ಎಣ್ಣೆ ಚೆಲ್ಲಿತೋ, ಹಸಿ ಮಾಂಸದ ನೀರು ಇಳಿಯಿತೋ ಅದಕ್ಕೆ ಗೊತ್ತಿಲ್ಲ. ಜಿಡ್ಡು, ಗಾಢ ಕಲೆ, ಬೂಷ್ಟು, ಮರದ್ದಲ್ಲದ ವಾಸನೆ, ಇವುಗಳಲ್ಲಿ ಒಂದಿದ್ದರೂ ಎಚ್‌ಟಿ ಪ್ಯಾಲೆಟ್ ಆದರೂ ಪಕ್ಕಕ್ಕಿಡಿ. ಕೀಸಿದರೆ ಹೋಗುವುದು ಒಂದೆರಡು ಮಿ.ಮೀ.; ಹಲಗೆಯ ತುದಿಯಿಂದ ಹೀರಿದ ದ್ರವ ಅದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ತೊಟ್ಟಿಲು ಬೇಡ ಅಂದದ್ದು ಇದಕ್ಕೇ: ಮಗು ಅಂಚನ್ನು ಕಚ್ಚುತ್ತದೆ. ತರಕಾರಿ ಹೆಚ್ಚುವ ಮಣೆಗೂ ಇದೇ ಮಾತು.

ಬಿಚ್ಚುವ ವಿಷಯ. ಪ್ಯಾಲೆಟ್ ಮೊಳೆಗಳ ಮೈ ನುಣುಪಾಗಿರುವುದಿಲ್ಲ, ಸುರುಳಿ ಅಥವಾ ಬಳೆಗಳಿರುತ್ತವೆ. ಬರದಿರಲಿ ಅಂತಲೇ ಹಾಗೆ ಮಾಡಿರುವುದು. ಹಾರೆಯಿಂದ ತುದಿಯನ್ನು ಮೀಟಿದರೆ ಮೊಳೆ ಅಲ್ಲೇ ಉಳಿದು ಹಲಗೆ ಸೀಳುತ್ತದೆ. ಆದ್ದರಿಂದ ಕೀಳಬೇಡಿ, ಕೊಯ್ಯಿರಿ. ಹಲಗೆ ಮತ್ತು ಕೆಳಗಿನ ತೊಲೆಯ ನಡುವೆ ಮರದ ಬೆಣೆ ಹೊಡೆದು 3 ಮಿ.ಮೀ. ಸಂದು ಮಾಡಿ, ಹಿಂದಕ್ಕೂ ಮುಂದಕ್ಕೂ ಓಡುವ ವಿದ್ಯುತ್ ಗರಗಸಕ್ಕೆ ಮೊಳೆ ಕೊಯ್ಯಬಲ್ಲ ಬೈಮೆಟಲ್ ಬ್ಲೇಡ್ ಹಾಕಿ, ಮೊಳೆಗಳನ್ನು ಅಡ್ಡಕ್ಕೆ ಕತ್ತರಿಸಿ. ಹಲಗೆಯಲ್ಲಿ ಉಳಿದ ತುಂಡನ್ನು ಹಿಂದಿನಿಂದ ಪಂಚ್ (ಮೊಂಡುತುದಿಯ ಕಬ್ಬಿಣದ ಕಡ್ಡಿ) ಇಟ್ಟು ಸುತ್ತಿಗೆಯಿಂದ ಹೊರದೂಡಿ. ಆ ಗರಗಸ ಇಲ್ಲದಿದ್ದರೆ ತೊಲೆಗಳ ಒಳಬದಿಯಲ್ಲೇ ಹಲಗೆಯನ್ನು ಕೊಯ್ದುಬಿಡಿ. ಮೂರು ತೊಲೆಯ, ಒಂದು ಮೀಟರ್ ಉದ್ದದ ಹಲಗೆಯಿಂದ 40-45 ಸೆಂ.ಮೀ.ಯ, ಮೊಳೆಯೇ ಇಲ್ಲದ ಎರಡು ತುಂಡು ಸಿಗುತ್ತವೆ. ಟೀಪಾಯಿಗೆ ಧಾರಾಳ ಸಾಕು, ಕೈನೋವೂ ಇಲ್ಲ.

ಇನ್ನು ಕೀಸುವ ಮೊದಲು ತಂತಿ ಬ್ರಷ್‌ನಿಂದ ಮರಳು, ಮಣ್ಣು ತೆಗೆಯಿರಿ. ಬ್ಲೇಡ್ ಮೊಂಡಾಗುವುದು ಮರಕ್ಕಿಂತ ಮರಳಿಂದ ಜಾಸ್ತಿ. ಆಮೇಲೆ ಬಲವಾದ ಅಯಸ್ಕಾಂತವನ್ನು ಎರಡೂ ಮುಖದ ಮೇಲೆ ಎಳೆದು ನೋಡಿ. ಒಳಗೆ ಮುರಿದ ಒಂದೇ ಒಂದು ಮೊಳೆಚೂರು ಕೀಸುವ ಯಂತ್ರದ (ಪ್ಲೇನರ್) ಬ್ಲೇಡಿನ ಅಂಚು ಹಾರಿಸುತ್ತದೆ.

ಎಚ್‌ಟಿ ಅಂದರೆ ಒಣಗಿದೆ ಎಂದಲ್ಲ. ಬಿಸಿ ತಿರುಳು ಮುಟ್ಟಿದರೂ ತೇವ ಉಳಿದಿರಬಹುದು, ಮೇಲಾಗಿ ಹೊರಗೆ ನೆನೆದಿರುತ್ತದೆ. ಹಲಗೆಗಳ ನಡುವೆ 20 ಮಿ.ಮೀ. ಪಟ್ಟಿ ಇಟ್ಟು, ಗಾಳಿಯಾಡುವ ನೆರಳಲ್ಲಿ ಕೆಲವು ವಾರ ಜೋಡಿಸಿಡಿ. ಒಳಗಿನ ಪೀಠೋಪಕರಣಕ್ಕೆ ತೇವಾಂಶ ಶೇ. 8-12 ಇರಬೇಕು. ಮೀಟರ್ ಇಲ್ಲವೇ? ಒಂದು ಹಲಗೆಯನ್ನು ಮೂರು ದಿನಕ್ಕೊಮ್ಮೆ ತೂಗಿ; ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರುಮಾಡಿ. ಆತುರಪಟ್ಟರೆ ಟೀಪಾಯಿಯ ಮೇಲ್ಮೈಯಲ್ಲಿ ಬಿರುಕು ಬಿಡುವ ಸಾಧ್ಯತೆ ಹೆಚ್ಚು.

ಕೀಸಿದ ಮೇಲೆ 12-14 ಮಿ.ಮೀ. ದಪ್ಪ ಉಳಿದೀತು. ಮೇಲ್ಮೈಯನ್ನು ಅಡಿಯಲ್ಲಿ ಅಡ್ಡಪಟ್ಟಿಗೆ ಅಂಟಿಸಬೇಡಿ. ಅಡ್ಡಪಟ್ಟಿಯಲ್ಲಿ ಸೀಳಿನಂತೆ ಉದ್ದನೆಯ ತೂತು ಕೊರೆದು ಸ್ಕ್ರೂ ಹಾಕಿ, ಮರ ಹಿಗ್ಗಿ ಕುಗ್ಗಲು ಜಾಗ ಇರಲಿ. ಉಪ್ಪುಕಾಗದ ಒರಟಿನಿಂದ ನುಣುಪಿಗೆ, ನಂಬರ್ 80, 120, 180 ಹೀಗೆ ಸಾಗಲಿ. ಹೊರಗೆ ಉಜ್ಜಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ಸಾದಾ ಬಟ್ಟೆ ಈ ಧೂಳನ್ನು ತಡೆಯದು.

ಕೆಲವು ಪ್ಯಾಲೆಟ್‌ಗಳ ಕಾಲಿನ ಚೌಕಗಳು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದವು. ನೆನೆದರೆ ಉಬ್ಬಿ ಪುಡಿಯಾಗುತ್ತವೆ, ಅವು ಕಸಕ್ಕೆ. ಅವನ್ನೂ, ಮುದ್ರೆ ಗುರುತಾಗದ ಚೂರುಗಳನ್ನೂ ಒಲೆಗೆ ಹಾಕಬೇಡಿ.