ಖಾಲಿ ಬರುವ ಲಾರಿ ಸುಡುವ ಡೀಸೆಲ್

ಪ್ರಶ್ನೆ: ನಮ್ಮಲ್ಲಿ ಹತ್ತು ಚಕ್ರದ ಆರು ಲಾರಿಗಳಿವೆ. ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್‌ನ ಕೋಳಿ ಆಹಾರದ ಫ್ಯಾಕ್ಟರಿಗಳಿಗೆ ಹೋಗುತ್ತವೆ. ಬರುವಾಗ ಅರ್ಧಕ್ಕರ್ಧ ಟ್ರಿಪ್ ಖಾಲಿ. ಈಗ ಒಂದು ಫ್ಯಾಕ್ಟರಿಯವರು ಗಾಡಿಗಳ ಇಂಗಾಲದ ಲೆಕ್ಕ ಕೇಳುತ್ತಿದ್ದಾರೆ. ಬಿಎಸ್6 ಗಾಡಿ ತಗೊಂಡರೆ ಸಾಕಾ? ಇಲ್ಲ, ಎಲೆಕ್ಟ್ರಿಕ್ ಲಾರಿಗೆ ಕಾಯಬೇಕಾ?
– ಲಾರಿ ಮಾಲೀಕರು, ದಾವಣಗೆರೆ

ಉತ್ತರ: 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್6, ಅಂದರೆ ಗಾಡಿಗಳ ಹೊಗೆಗೆ ಸರ್ಕಾರ ಹಾಕಿದ ಮಿತಿ, ಹೊಗೆಯಲ್ಲಿನ ಮಸಿಯನ್ನೂ ನೈಟ್ರೋಜನ್ ಆಕ್ಸೈಡ್‌ಗಳನ್ನೂ ಚೆನ್ನಾಗಿ ತಗ್ಗಿಸುತ್ತದೆ. ರಸ್ತೆ ಬದಿಯ ಜನರ ಶ್ವಾಸಕೋಶಕ್ಕೆ ಅದು ದೊಡ್ಡ ಉಪಕಾರ. ಆದರೆ ಇಂಗಾಲದ ಡೈಆಕ್ಸೈಡ್ ಬೇರೆ ವಿಷಯ. ಯಾವ ಗಾಡಿಯಲ್ಲೇ ಸುಡಲಿ, ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆ.ಜಿ. ಬಂದೇ ಬರುತ್ತದೆ. ಅಂದರೆ ನಿಮ್ಮ ಇಂಗಾಲದ ಲೆಕ್ಕ ಆಗಲೇ ನಿಮ್ಮ ಹತ್ತಿರ ಇದೆ. ಬಂಕಿನ ಬಿಲ್ಲುಗಳನ್ನು ಕೂಡಿಸಿ, ಅಷ್ಟೇ.

ಒಂದು ಟ್ರಿಪ್ ನೋಡೋಣ. ಬೆಂಗಳೂರು, ಸೇಲಂ ದಾಟಿ ನಾಮಕ್ಕಲ್‌ಗೆ ಸುಮಾರು 500 ಕಿ.ಮೀ. ಲೋಡ್ ಇದ್ದಾಗ ಲೀಟರಿಗೆ 4, ಖಾಲಿ ಇದ್ದಾಗ 6 ಕಿ.ಮೀ. ಮೈಲೇಜ್ ಅಂತ ಇಟ್ಟುಕೊಳ್ಳಿ. ಹೋಗುವಾಗ 125 ಲೀಟರ್, ಖಾಲಿ ಬರುವಾಗ 83. ಒಂದು ಚೀಲವನ್ನೂ ಹೊರದೆ ಸುಮಾರು 225 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟು ಬಂದ ಹಾಗಾಯಿತು.

ಇದೇ ಗಾಡಿ ಸೇಲಂನಲ್ಲಿ ಸಬ್ಬಕ್ಕಿಯನ್ನೋ ಉಕ್ಕನ್ನೋ ತುಂಬಿಕೊಂಡು ಬಂದರೆ 40 ಲೀಟರ್ ಹತ್ತಿರ ಜಾಸ್ತಿ ಬೇಕು. ನಷ್ಟ ಅನ್ನಿಸುತ್ತೆ, ಅಲ್ವಾ? ಆದರೆ ಅದೇ ಸರಕಿಗೆ ಸೇಲಂನಿಂದ ಇನ್ನೊಂದು ಲಾರಿ ಹೊರಟು, ಅದೂ ಖಾಲಿ ವಾಪಸಾಗಿದ್ದರೆ 190 ಲೀಟರ್ ಹತ್ತಿರ ಸುಡುತ್ತಿತ್ತು. ಅದಕ್ಕೇ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವುದರ ಜೊತೆಗೆ, ಒಂದು ಟನ್ ತಲುಪಿಸಲು ಎಷ್ಟು ಲೀಟರ್ ಹೋಯಿತು ಅಂತಲೂ ಬರೆದಿಡಿ. ಫ್ಯಾಕ್ಟರಿಯವರಿಗೆ ಆ ಲೆಕ್ಕವನ್ನೇ ಕೊಡಿ.

ರಿಟರ್ನ್ ಲೋಡ್‌ಗೆ ಎರಡು ದಿನ ಕಾಯಬೇಕು, ಅಷ್ಟರಲ್ಲಿ ಇಲ್ಲಿ ಜೋಳದ ಲೋಡ್ ಕೈತಪ್ಪುತ್ತೆ ಅನ್ನುವ ನಿಮ್ಮ ಕಷ್ಟ ಗೊತ್ತು. ಅಲ್ಲಿ ಚೀಲ ಇಳಿಸಿದ ಮೇಲೆ ಏಜೆಂಟರಿಗೆ ಫೋನ್ ಮಾಡಿದರೆ ಹಾಗೇ ಆಗುತ್ತದೆ. ದಾವಣಗೆರೆಯಲ್ಲಿ ತಾಡಪಾಲು ಕಟ್ಟುವಾಗಲೇ ಮಾಡಿ. ಊರಿನವರೆಗೆ ಸಿಗದಿದ್ದರೆ ಬೆಂಗಳೂರಿನವರೆಗಾದರೂ ಲೋಡ್ ಹಿಡಿಯಿರಿ, ಅರ್ಧ ದಾರಿಯಾದರೂ ಖಾಲಿ ಓಡುವುದು ತಪ್ಪುತ್ತದೆ.

ಇನ್ನು ಟೈರು. ನಮ್ಮ ಡ್ರೈವರ್‌ಗಳು ಕಬ್ಬಿಣದ ರಾಡಿನಿಂದ ಟೈರ್ ಬಡಿದು ಸದ್ದು ಕೇಳುತ್ತಾರೆ. ಪಂಕ್ಚರ್ ಆಗಿದ್ದರೆ ಗೊತ್ತಾಗುತ್ತೆ. ಗಾಳಿಯ ಒತ್ತಡ 20 ಪಿಎಸ್‌ಐ ಕಡಿಮೆ ಇದ್ದರೆ ಗೊತ್ತಾಗಲ್ಲ. ಅದರಲ್ಲೂ ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದರ ವಾಲ್ವ್‌ಗೆ ಕೈ ಹೋಗುವುದೇ ಕಷ್ಟ. ಹಾಗಾಗಿ ತಿಂಗಳುಗಟ್ಟಲೆ ಯಾರೂ ನೋಡಲ್ಲ. 10 ಪಿಎಸ್‌ಐ ಇಳಿದರೆ ಡೀಸೆಲ್ ಅರ್ಧದಿಂದ ಒಂದು ಪರ್ಸೆಂಟ್ ಜಾಸ್ತಿ ಕುಡಿಯುತ್ತದೆ, ಟೈರೂ ಬೇಗ ಸವೆಯುತ್ತದೆ. ಒಳಗಿನ ಟೈರಿಗೆ ಉದ್ದನೆಯ ವಾಲ್ವ್ ಹಾಕಿಸಿ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ ಗೇಜ್ ಇಟ್ಟು ನೋಡಿಸಿ.

ನಿಂತಲ್ಲೇ ಇಂಜಿನ್ ಓಡಿದರೆ ಗಂಟೆಗೆ ಎರಡು ಲೀಟರ್ ಹತ್ತಿರ ಹೋಗುತ್ತದೆ. ಇದರಲ್ಲಿ ಫ್ಯಾಕ್ಟರಿಯವರ ಪಾಲೂ ಇದೆ. ಇಂಗಾಲದ ಲೆಕ್ಕ ಕೇಳುವವರು ಗೇಟಿನ ಮುಂದೆ ರಾತ್ರಿಯಿಡೀ ಲಾರಿ ನಿಲ್ಲಿಸಬಾರದು. ಅನ್‌ಲೋಡ್‌ಗೆ ಸಮಯ ಗೊತ್ತುಮಾಡಿ ಅಂತ ಧೈರ್ಯವಾಗಿ ಕೇಳಿ. ಹಾಗೆಯೇ ಉಳಿದ ಡೀಸೆಲ್ ದುಡ್ಡಿನಲ್ಲಿ ಒಂದು ಪಾಲು ಡ್ರೈವರ್‌ಗೆ ಕೊಡಿ. ಕಾಲು ಆಕ್ಸಿಲರೇಟರ್ ಮೇಲೆ ಇರುವುದು ಅವರದ್ದು.

ಎಲೆಕ್ಟ್ರಿಕ್ ಲಾರಿಗೆ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 9.6 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡಲು 2025ರ ಜುಲೈನಲ್ಲಿ ನಿಯಮ ಬಂತು. ಹಳೆಯ ಲಾರಿ ಗುಜರಿಗೆ ಹಾಕಿದ ಸರ್ಟಿಫಿಕೇಟ್ ಬೇಕು. ಬಂದರು, ಸಿಮೆಂಟ್ ಫ್ಯಾಕ್ಟರಿಯಂಥ ಕಡೆ ದಿನಾ ಅದೇ ಚಿಕ್ಕ ದಾರಿಯಲ್ಲಿ ಓಡುವವರಿಗೆ ಒಳ್ಳೆಯದು. ನಿಮ್ಮ ದಾರಿಗೆ ನಾನು ಈಗಲೇ ಬೇಡ ಅನ್ನುತ್ತೇನೆ.

ಪ್ರಶ್ನೆ: ಮಂಗಳೂರಿನಿಂದ ಮುಂಬೈಗೆ ಲಾರಿ ಓಡಿಸುತ್ತೇವೆ. ಲಾರಿಯನ್ನೇ ರೈಲಿನ ಮೇಲೆ ಹಾಕಿ ಕಳಿಸಿದರೆ ನಿಜಕ್ಕೂ ಇಂಗಾಲ ಕಡಿಮೆಯಾಗುತ್ತಾ?
– ಓದುಗರು, ಮಂಗಳೂರು

ಉತ್ತರ: ಆಗುತ್ತದೆ. ಕೊಂಕಣ ರೈಲ್ವೆ 1999ರಲ್ಲೇ ಈ ರೋ-ರೋ ಸೇವೆ ಶುರು ಮಾಡಿತು. ಸುರತ್ಕಲ್‌ನಲ್ಲಿ ಹತ್ತಿದರೆ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಯಬಹುದು, 700 ಕಿ.ಮೀ. ಮೇಲಿನ ದಾರಿ. ರಸ್ತೆಯಲ್ಲಾದರೆ ಲೀಟರಿಗೆ 4 ಕಿ.ಮೀ. ಲೆಕ್ಕದಲ್ಲಿ 175 ಲೀಟರ್, ಸುಮಾರು 470 ಕೆ.ಜಿ. ಇಂಗಾಲದ ಡೈಆಕ್ಸೈಡ್. ಸರಕಿನ ಜೊತೆ ಲಾರಿಯ ತೂಕವನ್ನೂ ರೈಲು ಎಳೆಯಬೇಕು, ನಿಜ. ಆದರೂ ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿ ಉರುಳಲು ಬೇಕಾದ ಶಕ್ತಿ ತುಂಬಾ ಕಡಿಮೆ. 2022ಕ್ಕೆ ಈ ಮಾರ್ಗದ ವಿದ್ಯುದೀಕರಣವೂ ಮುಗಿದಿದೆ.

ಟೈರು, ಬ್ರೇಕ್ ಸವೆಯಲ್ಲ. ಡ್ರೈವರ್ ಕ್ಯಾಬಿನ್‌ನಲ್ಲೇ ಕಾಲು ಚಾಚಿ ಮಲಗಬಹುದು. ಹೋಗುವ ಮುಂಚೆ ಫೋನ್ ಮಾಡಿ ರೈಲು ಯಾವಾಗ ಹೊರಡುತ್ತೆ ಅಂತ ಕೇಳಿಕೊಳ್ಳಿ. ಮಳೆಗಾಲದಲ್ಲಿ ಆ ದಾರಿಯಲ್ಲಿ ರೈಲುಗಳು ನಿಧಾನ. ಲೋಡಿನ ಎತ್ತರವನ್ನು ತಾಡಪಾಲು, ಹಗ್ಗ ಎಲ್ಲ ಸೇರಿಸಿ ಮಂಗಳೂರಿನಲ್ಲೇ ಟೇಪು ಹಿಡಿದು ಅಳೆಯಿರಿ. ಮೇಲೆ ಕರೆಂಟಿನ ತಂತಿ ಇರುವುದರಿಂದ ಮಿತಿ ಮೀರಿದ ಗಾಡಿಯನ್ನು ಹತ್ತಿಸಿಕೊಳ್ಳಲ್ಲ.