ನದಿಯ ಹೂಳಿನ ವಿಷದಲ್ಲಿ ಯಾರ ಪಾಲು ಎಷ್ಟು?

ಪ್ರಶ್ನೆ: ನ್ಯೂಜೆರ್ಸಿಯ ಪಸೇಯಿಕ್ ನದಿಯ ದಂಡೆಯಲ್ಲಿ ಹತ್ತಾರು ಕಾರ್ಖಾನೆಗಳಿದ್ದರೂ ಹೂಳಿನ ಮಾಲಿನ್ಯದ ಹೊಣೆ ಬಹುಪಾಲು ಒಂದೇ ಕಂಪನಿಯ ಮೇಲೆ ಬಿದ್ದಿದೆಯಂತೆ. ಬೆರೆತುಹೋದ ಕೆಸರಿನಲ್ಲಿ ಪಾಲು ಬೇರ್ಪಡಿಸುವುದು ಹೇಗೆ?

ಉತ್ತರ: ಹೂಳು ಎಲ್ಲ ಕಡೆಯೂ ಬೆರೆತುಹೋಗಿರುವುದಿಲ್ಲ ಎಂಬುದೇ ಈ ತನಿಖೆಗೆ ಆಧಾರ. ನೀರಿನ ಸೆಳೆತ ಕಡಿಮೆಯಿರುವಲ್ಲಿ ಅದು ಪದರ ಪದರವಾಗಿ ಕೂರುತ್ತದೆ. ಅಂಥ ಕಡೆ ಕೊಳವೆ ಇಳಿಸಿ ತೆಗೆದ ಹೂಳನ್ನು ಕೆಲವೇ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲೂ ಸೀಸಿಯಂ-137 ಅಳೆಯುತ್ತಾರೆ. ಅಣ್ವಸ್ತ್ರ ಪರೀಕ್ಷೆಗಳಿಂದ ವಾತಾವರಣ ಸೇರಿದ ಈ ವಿಕಿರಣ ಧಾತು 1954ರ ಸುಮಾರಿಗೆ ಹೂಳಿನಲ್ಲಿ ಕಾಣಿಸಿಕೊಂಡು 1963ರ ಹೊತ್ತಿಗೆ ಗರಿಷ್ಠ ಮಟ್ಟ ಮುಟ್ಟಿದ್ದರಿಂದ, ಯಾವ ಪದರ ಯಾವ ಕಾಲದ್ದೆಂದು ಲೆಕ್ಕ ಹಾಕಬಹುದು.

ಕಾಲ ತಿಳಿದ ಮೇಲೆ ಮೂಲ ಹುಡುಕಬೇಕು. ಇಲ್ಲಿ ಮುಖ್ಯವಾದದ್ದು ಡಯಾಕ್ಸಿನ್ ಎಂಬ ಗುಂಪಿನ ವಿಷ ರಾಸಾಯನಿಕಗಳು. ಕಸ ಸುಟ್ಟರೂ ಅವು ಹುಟ್ಟುತ್ತವೆ, ಆದರೆ ಹಲವು ಬಗೆಯವು ಬೆರೆತಿರುತ್ತವೆ. 2,4,5-ಟಿ ಕಳೆನಾಶಕದ ತಯಾರಿಕೆಯಲ್ಲಾದರೋ ಎಲ್ಲಕ್ಕಿಂತ ವಿಷಕಾರಿಯಾದ 2,3,7,8-ಟಿಸಿಡಿಡಿ ಎಂಬ ಡಯಾಕ್ಸಿನ್ನೇ ಎದ್ದು ಕಾಣುತ್ತದೆ. ಪಸೇಯಿಕ್ ಹೂಳಿನಲ್ಲಿ ಸಿಕ್ಕಿದ್ದು ಈ ಎರಡನೆಯ ಚಹರೆ. ನ್ಯೂವಾರ್ಕ್‌ನ ಲಿಸ್ಟರ್ ಅವೆನ್ಯೂದಲ್ಲಿದ್ದ ಡೈಮಂಡ್ ಆಲ್ಕಲಿ ಕಾರ್ಖಾನೆ, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸಿಂಪಡಿಸಿದ ಏಜೆಂಟ್ ಆರೆಂಜ್‌ಗೂ ಬಳಕೆಯಾದ ಆ ಕಳೆನಾಶಕವನ್ನು 1969ರವರೆಗೂ ತಯಾರಿಸಿತ್ತು. ಆ ಕಾರ್ಖಾನೆಯ ಹೊಣೆ ಮುಂದೆ ಆಕ್ಸಿಡೆಂಟಲ್ ಕೆಮಿಕಲ್ ಕಂಪನಿಗೆ ಬಂತು.

ಆದರೆ ಮೂಲ ಗೊತ್ತಾದ ಮಾತ್ರಕ್ಕೆ ಪಾಲು ನಿರ್ಧಾರವಾಗುವುದಿಲ್ಲ, ಮತ್ತು ನನ್ನ ಅನುಭವದಲ್ಲಿ ಹೆಚ್ಚಿನ ವಾದ ನಡೆಯುವುದೇ ಇಲ್ಲಿ. ಬರೀ ತೂಕ ನೋಡಿದರೆ ಸೀಸ, ತಾಮ್ರ ಸುರಿದವರ ಪಾಲೇ ದೊಡ್ಡದು. ಆದರೆ ಕೆಳಭಾಗದ 8.3 ಮೈಲಿ ಹೂಳು ತೆಗೆದು ತಳವನ್ನು ಮುಚ್ಚಲು 2016ರಲ್ಲಿ ಅಂದಾಜಿಸಿದ 138 ಕೋಟಿ ಡಾಲರ್ ಖರ್ಚಿಗೆ ಮುಖ್ಯ ಕಾರಣ, ಅತ್ಯಲ್ಪ ಪ್ರಮಾಣದಲ್ಲೇ ಮೀನು, ಏಡಿಗಳ ಮೂಲಕ ಮನುಷ್ಯರಿಗೆ ಅಪಾಯ ತರುವ ಡಯಾಕ್ಸಿನ್. ಹಾಗಾಗಿ ತಟಸ್ಥ ತಜ್ಞರು ತೂಕದ ಜತೆಗೆ ವಿಷದ ತೀವ್ರತೆಯನ್ನೂ ಲೆಕ್ಕಕ್ಕೆ ಹಿಡಿದರು. ಆಕ್ಸಿಡೆಂಟಲ್ ಪಾಲು ಶೇ 99 ದಾಟಿತು. ಉಳಿದ 80ಕ್ಕೂ ಹೆಚ್ಚು ಹೊಣೆಗಾರರು 15 ಕೋಟಿ ಡಾಲರ್ ಕೊಡುವ ಒಪ್ಪಂದಕ್ಕೆ, ಆಕ್ಸಿಡೆಂಟಲ್ ಆಕ್ಷೇಪದ ನಡುವೆಯೂ, 2024ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಒಪ್ಪಿಗೆ ನೀಡಿತು.

ಇಷ್ಟು ಸ್ಪಷ್ಟ ಚಹರೆ ಎಲ್ಲ ನದಿಗಳಲ್ಲೂ ಸಿಗದು. ಒಂದೇ ಬಗೆಯ ಸರಕು ತಯಾರಿಸಿದ ಎರಡು ಕಾರ್ಖಾನೆಗಳು ಅಕ್ಕಪಕ್ಕದಲ್ಲಿದ್ದರೆ ರಸಾಯನ ಪರೀಕ್ಷೆಯೊಂದೇ ಸಾಲದು; ಉತ್ಪಾದನೆಯ ದಾಖಲೆ, ಹಳೆಯ ಚರಂಡಿ ನಕ್ಷೆ ಮತ್ತು ಅಂದಿನ ಕಾರ್ಮಿಕರ ಹೇಳಿಕೆಗಳನ್ನೇ ಆಧರಿಸಬೇಕಾಗುತ್ತದೆ.