ಕ್ಯಾನ್ಸರ್ ಮೂತ್ರಚೀಲದ ಸ್ನಾಯುವಿಗೆ ಇಳಿದಿದೆ, ರಾಶಿ ಮುಗಿಯುವವರೆಗೆ ಕಾಯಬಹುದಾ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕು. ಅಪ್ಪನಿಗೆ 63 ವರ್ಷ, ಒಕ್ಕಲುತನ. ನಲವತ್ತು ವರ್ಷದಿಂದ ಬೀಡಿ ಸೇದುತ್ತಾರೆ. ಯುಗಾದಿ ಹೊತ್ತಿಗೆ ಮೂತ್ರ ಕೆಂಪಗೆ ಹೋಯಿತು. ನೋವಿರಲಿಲ್ಲ. ಬಿಸಿಲಿನ ಉಷ್ಣ ಅಂತ ಕೊತ್ತಂಬರಿ ನೀರು ಕುಡಿಸಿದೆವು, ನಿಂತಿತು. ದಸರಾಕ್ಕೆ ಮತ್ತೆ ಶುರುವಾಯಿತು. ದುರ್ಬೀನು ಹಾಕಿ ಗಡ್ಡೆ ಕೆರೆದು ತೆಗೆದರು. ‘ಹೈ ಗ್ರೇಡ್, ಸ್ನಾಯುವಿಗೆ ಇಳಿದಿದೆ’ ಎಂದು ರಿಪೋರ್ಟ್ ಬಂದಿದೆ. ಬಲಗಡೆ ಕಿಡ್ನಿ ಊದಿದೆ, ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.9. ಮೊದಲು ಕೀಮೋ, ಆಮೇಲೆ ಮೂತ್ರಚೀಲ ತೆಗೆಯಬೇಕಂತೆ. ಕತ್ತರಿ ಹಾಕಿದರೆ ಹಬ್ಬುತ್ತದೆ ಎಂದು ಬಂಧುಗಳು ಹೆದರಿಸುತ್ತಾರೆ. ತೊಗರಿ ರಾಶಿ ಮುಗಿಯಲಿ ಎನ್ನುತ್ತಾರೆ ಅಪ್ಪ. ಎಷ್ಟು ದಿನ ಬದುಕಬಹುದು ಸರ್?

ಉತ್ತರ: ಮೊದಲು ಒಂದು ಮಾತು. ಕಳೆದ ತಿಂಗಳುಗಳಿಗಾಗಿ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಈ ಕ್ಯಾನ್ಸರಿನಲ್ಲಿ ರಕ್ತ ನೋವಿಲ್ಲದೆ ಬರುತ್ತದೆ, ತಾನಾಗಿಯೇ ನಿಲ್ಲುತ್ತದೆ. ಕೊತ್ತಂಬರಿ ನೀರಿಗೇ ಗುಣವಾಯಿತು ಅನಿಸುತ್ತದೆ.

ಎಷ್ಟು ದಿನ ಅಂತ ಲೆಕ್ಕ ಹಾಕಿ ಹೇಳಲು ಯಾರಿಗೂ ಆಗುವುದಿಲ್ಲ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಲಿಂಫ್ ಗ್ರಂಥಿಗಳಿಗೆ ಹೋಗಿದೆಯಾ, ಎದೆಗೋ ಎಲುಬಿಗೋ ಹರಡಿದೆಯಾ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಕೆರೆದು ತೆಗೆದ ಚೂರಿನಲ್ಲಿ ಇದು ಪೂರ್ತಿ ಗೊತ್ತಾಗುವುದಿಲ್ಲ. ಹೊಟ್ಟೆ ಮತ್ತು ಎದೆಯ ಸಿಟಿ ಸ್ಕ್ಯಾನ್ ಆಗಲೇಬೇಕು. ಕಿಡ್ನಿ ಊದಿದ್ದರೆ ಗಡ್ಡೆ ಸ್ನಾಯುವನ್ನೂ ದಾಟಿರುವ ಅನುಮಾನ ಜಾಸ್ತಿ.

ನನ್ನ ಕಣ್ಣು ನಿಂತಿದ್ದು ಆ ಕ್ರಿಯಾಟಿನಿನ್ 1.9 ಮೇಲೆ. ಕಿಡ್ನಿ ಸರಿಯಾಗಿ ಸೋಸದಿದ್ದರೆ ಅದು ಏರುತ್ತದೆ. ಆಪರೇಷನ್‌ಗೆ ಮೊದಲು ಕೊಡುವ ಕೀಮೋದಲ್ಲಿ ಮುಖ್ಯ ಔಷಧ ಸಿಸ್‌ಪ್ಲಾಟಿನ್. ಅದನ್ನು ಒಳಗೊಂಡ ಕೀಮೋ ಕೊಟ್ಟು ಆಮೇಲೆ ಚಿಕಿತ್ಸೆ ಮಾಡಿದಾಗ, ಐದು ವರ್ಷದ ನಂತರ ಬದುಕಿರುವವರು 100ಕ್ಕೆ ಸುಮಾರು 45ರಿಂದ 50ಕ್ಕೆ ಏರುತ್ತಾರೆ. ಐದು ಮಂದಿ ಅಷ್ಟೇನಾ ಅನಿಸಬಹುದು. ಆ ಐವರಲ್ಲಿ ನಿಮ್ಮ ಅಪ್ಪನೂ ಒಬ್ಬರಾಗಬಹುದು ಅಲ್ವಾ? ಆದರೆ ಕಿಡ್ನಿ ಸರಿಯಾಗಿ ಸೋಸದಿದ್ದರೆ ಈ ಔಷಧ ಕೊಡುವಂತಿಲ್ಲ. ಗಡ್ಡೆ ಮೂತ್ರನಾಳವನ್ನು ಒತ್ತಿದ್ದರಿಂದ ಕಿಡ್ನಿ ಊದಿದ್ದರೆ, ಒಳಗೆ ಸ್ಟೆಂಟ್ ಇಟ್ಟೋ ಬೆನ್ನಿನ ಕಡೆಯಿಂದ ನಳಿಕೆ ಹಾಕಿಯೋ ಮೂತ್ರಕ್ಕೆ ದಾರಿ ಮಾಡಬಹುದು. ಕ್ರಿಯಾಟಿನಿನ್ ಇಳಿದರೆ ಕೀಮೋದ ಬಾಗಿಲು ತೆರೆಯುತ್ತದೆ. ಇದನ್ನು ಈ ವಾರವೇ ಡಾಕ್ಟರ್ ಹತ್ತಿರ ಕೇಳಿ. ಮೊಣಕಾಲು ನೋವು, ಸೊಂಟ ನೋವು ಅಂತ ಊರಲ್ಲಿ ಸುಮ್ನೆ ನೋವಿನ ಇಂಜೆಕ್ಷನ್ ಹಾಕಿಸಬೇಡಿ, ಕಿಡ್ನಿ ಇನ್ನೂ ಕೆಡುತ್ತದೆ. ಕ್ರಿಯಾಟಿನಿನ್ ಇಳಿಯದೇ ಹೋದರೆ ಕೀಮೋಗೆ ಕಾಯದೆ ನೇರ ಆಪರೇಷನ್ ಮಾಡುವುದೇ ಎಷ್ಟೋ ಸಲ ಸರಿ.

ರಾಶಿಗೆ ಕಾಯಬೇಡಿ. ರೋಗ ಗೊತ್ತಾದ ಮೇಲೆ ಚಿಕಿತ್ಸೆಯಿಲ್ಲದೆ ಸುಮಾರು 12 ವಾರ ದಾಟಿದರೆ ಫಲಿತಾಂಶ ಕೆಡುತ್ತದೆ. ಈ ಸಲ ರಾಶಿ ನೀವು ಮಾಡಿಸಿ. ಕತ್ತರಿ ಹಾಕಿದರೆ ಹಬ್ಬುತ್ತದೆ ಎನ್ನುವುದು ತಪ್ಪು. ಹಬ್ಬುವುದು ಹಾಗೇ ಬಿಟ್ಟಾಗ.

ಮೂತ್ರಚೀಲ ಉಳಿಸಿಕೊಂಡು ಕೀಮೋ, ರೇಡಿಯೇಷನ್ ಕೊಡುವ ದಾರಿಯೂ ಇದೆ. ಒಂದೇ ಗಡ್ಡೆಯಿದ್ದು, ಅದನ್ನು ಪೂರ್ತಿ ಕೆರೆಯಲು ಬಂದು, ಕಿಡ್ನಿ ಊದದೆ ಇದ್ದವರಿಗೆ ಅದು ಚೆನ್ನಾಗಿ ಕೂಡಿಬರುತ್ತದೆ. ನಿಮ್ಮ ತಂದೆಯವರಿಗೆ ಆಪರೇಷನ್ನೇ ಮೇಲು ಎನಿಸುತ್ತದೆ.

ಇದು ದೊಡ್ಡ ಆಪರೇಷನ್. ಇಂಥದ್ದನ್ನು ಪದೇ ಪದೇ ಮಾಡುವ ಆಸ್ಪತ್ರೆಯನ್ನೇ ಹುಡುಕಿ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ, ಮೊದಲು ಅಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವುದಾದರೆ ಬಯಾಪ್ಸಿ ಸ್ಲೈಡು, ಗಡ್ಡೆಯ ಚೂರನ್ನು ಮೇಣದಲ್ಲಿ ಇಟ್ಟಿರುವ ಬ್ಲಾಕು, ಸಿಟಿ ಸ್ಕ್ಯಾನಿನ ಸಿಡಿ ಜೊತೆಗಿರಲಿ. ಇಲ್ಲದಿದ್ದರೆ ಎಲ್ಲ ಮೊದಲಿನಿಂದ ಮಾಡಿಸಬೇಕಾದೀತು.

ಬೀಡಿ ಇವತ್ತೇ ಬಿಡಿಸಿ. ಈಗ ಬಿಟ್ಟು ಏನು ಬಂತು ಎನ್ನಬೇಡಿ. ಅರಿವಳಿಕೆ ತಡೆದುಕೊಳ್ಳಲು, ಗಾಯ ಮಾಯಲು ಅದು ಬೇಕೇ ಬೇಕು. ರೊಟ್ಟಿ, ಬೇಳೆ, ಮೊಟ್ಟೆ ಚೆನ್ನಾಗಿ ತಿನ್ನಲಿ. ಕಿಡ್ನಿಗಾಗಿ ಪಥ್ಯ ಹೇಳಿದ್ದರೆ ಅದನ್ನು ಮೀರಬೇಡಿ. ದಿನಾ ಸ್ವಲ್ಪ ನಡೆಯಲಿ.

ಮೂತ್ರಚೀಲ ತೆಗೆದ ಮೇಲೆ ಹೊಟ್ಟೆಯ ಹೊರಗೆ ಹಾಕುವ ಚೀಲದ ಚಿಂತೆ ಅಪ್ಪನಿಗೆ ಇದ್ದೇ ಇರುತ್ತದೆ, ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಸಣ್ಣಕರುಳಿನ ಒಂದು ತುಂಡಿನಿಂದ ಹೊಟ್ಟೆಯ ಬಲಗಡೆ ಮೂತ್ರಕ್ಕೆ ದಾರಿ ಮಾಡಿ, ಹೊರಗೆ ಚೀಲ ಅಂಟಿಸುತ್ತಾರೆ. ಹೊಲಕ್ಕೂ ಹೋಗಬಹುದು, ಜಾತ್ರೆಗೂ ಹೋಗಬಹುದು. ಆಪರೇಷನ್‌ಗೆ ಮೊದಲು ಆ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಅಂದು ಅಪ್ಪ ದಿನಾ ಉಡುವ ಧೋತರವನ್ನೇ ಉಟ್ಟು ಹೋಗಲಿ. ಒಮ್ಮೆ ನಿಂತು, ಒಮ್ಮೆ ಕೂತು, ಒಮ್ಮೆ ಬಗ್ಗಿ ತೋರಿಸಲಿ. ಧೋತರದ ಗಂಟು ಬೀಳುವ ಜಾಗ ಬಿಟ್ಟು ಗುರುತು ಹಾಕಲು ಹೇಳಿ.